ಒದೆಯದೆ ನಿಲ್ಲಿಸಿದ ಚೆಂಡು

ಪಂದ್ಯ ಮುಗಿದ ಮೇಲೆ ಹುಡುಗರು ತಮ್ಮ ಕೋಚ್ ಗೋಡೆಯನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸಿದರು. ಅವನ ತೂಕವೇನು ಸಾಮಾನ್ಯವೇ? ಐವತ್ತು ದಾಟಿದ ಮೇಲೆ ಅವನ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆಯೇ ನಡೆಯುತ್ತಿತ್ತು. ಹೊತ್ತವರು ಅರ್ಧ ಸುತ್ತಿಗೇ ಏದುಸಿರು ಬಿಟ್ಟರು, ಆದರೂ ಇಳಿಸಲಿಲ್ಲ. ಬಿಸ್ಕತ್ತು ಕಾರ್ಖಾನೆಯ ತಂಡ ಲೀಗ್‌ನ ಮೊದಲ ದರ್ಜೆಯಲ್ಲಿ ಉಳಿದುಕೊಂಡಿತ್ತು, ಉಳಿಸಿದವನು ಕೋಚ್. ಆಡಿ ಉಳಿಸಿದ್ದಲ್ಲ, ಆಡಿಸಿ ಉಳಿಸಿದ್ದೂ ಅಲ್ಲ. ಮೈದಾನದೊಳಗೆ ನುಗ್ಗಿ, ಗೋಲಿನ ಕಡೆಗೆ ಉರುಳುತ್ತಿದ್ದ ಚೆಂಡಿಗೆ ಕಾಲು ಅಡ್ಡ ಇಟ್ಟು ಉಳಿಸಿದ್ದು. ಕೋಚ್ ಆದವನು ಮಾಡುವ ಕೆಲಸವೇ ಅದು? ಹಾಗೆಂದು ಕೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ಮೇಲೆ ಕೂತವನು ಮಾತ್ರ "ಇಳಿಸ್ರೋ, ಸಾಕು ಇಳಿಸ್ರೋ" ಎಂದು ಗೋಗರೆಯುತ್ತಿದ್ದ. ಅದನ್ನು ಜನ ಸಂಕೋಚ ಎಂದುಕೊಂಡರು.

ಗೋಡೆ ಎಂಬ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಶಾಲೆಯಲ್ಲಿ ದಪ್ಪಗಿದ್ದಾನೆಂದು ಅವನನ್ನು ಗೋಲಿನಲ್ಲಿ ನಿಲ್ಲಿಸಿದ್ದರು, ಬೇರೇನೂ ಮಾಡದಿದ್ದರೂ ಅರ್ಧ ಗೋಲಾದರೂ ಮುಚ್ಚುತ್ತಾನಲ್ಲ ಎಂದು. ಅಪ್ಪನ ಹಿಂದೆಯೇ ಬಿಸ್ಕತ್ತು ಕಾರ್ಖಾನೆಗೆ ಸೇರಿ ಹಿಟ್ಟಿನ ಮೂಟೆ ಹೊರತೊಡಗಿದಾಗ ಅಲ್ಲಿನ ತಂಡದ ಮುದಿ ಟ್ರೇನರ್ ಇವನ ಭುಜ ನೋಡಿದ, ಗೋಲಿನಿಂದ ಹೊರಗೆಳೆದು ಡಿಫೆನ್ಸ್‌ನಲ್ಲಿ ನಿಲ್ಲಿಸಿದ. ಪಕ್ಕದಲ್ಲಿ ಪ್ಯಾಕಿಂಗ್ ವಿಭಾಗದ ಇನ್ನೊಬ್ಬನನ್ನು ನಿಲ್ಲಿಸಿದ. ಅವನು ಉದ್ದಕ್ಕೆ, ಸಣ್ಣಕ್ಕೆ. ಎಗರಿ ತಲೆಯಿಂದ ಹೊಡೆದನೆಂದರೆ ಚೆಂಡು ಹೋಗಿ ನಾಟುತ್ತಿತ್ತು. ಒಬ್ಬ ಗೋಡೆಯಾದ, ಇನ್ನೊಬ್ಬ ಮೊಳೆಯಾದ. ಹದಿನೈದು ವರ್ಷ ಈ ಜೋಡಿಯನ್ನು ದಾಟಿ ಗೋಲು ಹೊಡೆಯುವುದೆಂದರೆ ಎದುರಾಳಿಗಳಿಗೆ ಜೀವ ಬಾಯಿಗೆ ಬರುತ್ತಿತ್ತು.

ಆ ಮುದಿ ಟ್ರೇನರ್‌ಗೆ ಗೊತ್ತಿದ್ದದ್ದು ಒಂದೇ ಪಾಠ. "ನಮ್ಮ ಗೋಲಿನ ಮುಂದೆ ಬುದ್ಧಿ ಉಪಯೋಗಿಸಬೇಡಿ. ಚೆಂಡು ಕಂಡ್ರೆ ಒದೀರಿ. ಎಲ್ಲಿಗೆ ಹೋಯ್ತು ಅಂತ ಆಮೇಲೆ ನೋಡಿದ್ರಾಯ್ತು." ಇಬ್ಬರನ್ನೂ ಗೋಲಿನ ಗೆರೆಯ ಮೇಲೆ ಬೆನ್ನು ಮಾಡಿ ನಿಲ್ಲಿಸಿ ಹಿಂದಿನಿಂದ ಚೆಂಡು ಎಸೆಯುತ್ತಿದ್ದ. ತಿರುಗಬೇಕು, ಒದೆಯಬೇಕು. ನಿಲ್ಲಿಸಿದರೆ ಕೆನ್ನೆಗೆ ಬೀಳುತ್ತಿತ್ತು. ವರ್ಷಗಟ್ಟಲೆ ಇದನ್ನೇ ಮಾಡಿ ಮಾಡಿ ಒದೆತ ಅವರ ಎಲುಬಿಗೇ ಇಳಿದುಬಿಟ್ಟಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿಯ ಜೊತೆ ಗಂಭೀರವಾಗಿ ನಡೆದುಹೋಗುತ್ತಿದ್ದ ಗೋಡೆ, ಬೀದಿ ಮಕ್ಕಳ ಚೆಂಡು ಕಾಲಿನ ಹತ್ತಿರ ಉರುಳಿ ಬಂದದ್ದೇ ತಡ, ಬೀಸಿ ಒದ್ದು ಕ್ಷೌರದಂಗಡಿಯ ಕನ್ನಡಿ ಪುಡಿ ಮಾಡಿದ್ದ. ಅವಳು ಇವತ್ತಿಗೂ ಆ ಬೀದಿಯಲ್ಲಿ ಅವನ ಕೈ ಹಿಡಿದುಕೊಂಡೇ ನಡೆಯುತ್ತಾಳೆ, ಪ್ರೀತಿಯಿಂದಲ್ಲ.

ಮಂಡಿ ಸವೆದ ಮೇಲೆ ಗೋಡೆ ಕೋಚ್ ಆಗುವ ಪರೀಕ್ಷೆಗೆ ಕೂತ. ದೈಹಿಕ ಪರೀಕ್ಷೆಯಲ್ಲಿ ತೇಲಿ ಮುಳುಗಿ ಪಾಸಾದರೂ ಆಟದ ನಿಯಮಗಳ ಪತ್ರಿಕೆಯಲ್ಲಿ ಇಡೀ ತರಗತಿಗೇ ಮೊದಲು ಬಂದ. ಯಾವ ತಪ್ಪಿಗೆ ಯಾವ ಶಿಕ್ಷೆ ಎನ್ನುವುದು ಅವನಿಗೆ ಬಾಯಿಪಾಠ. ಕಾರ್ಖಾನೆ ಅವನನ್ನೇ ಕೋಚ್ ಮಾಡಿಕೊಂಡಿತು. ಒಂದೇ ತಂಡಕ್ಕೆ ಇಬ್ಬರು ಕೋಚ್ ಬೇಡವಲ್ಲ. ಮೊಳೆ ಬಸ್ ಡಿಪೋಗೆ ಮೆಕ್ಯಾನಿಕ್ ಆಗಿ ಸೇರಿ ಅಲ್ಲಿನ ತಂಡವನ್ನು ನೋಡಿಕೊಳ್ಳತೊಡಗಿದ. ಸ್ನೇಹಕ್ಕೇನೂ ಕುಂದು ಬರಲಿಲ್ಲ. ಅವನು ಮನೆಗೆ ಬಂದರೆ ಗೋಡೆಯ ಹೆಂಡತಿ "ಬಾ ಅಣ್ಣ" ಎಂದು ಒಳಗೆ ಕರೆಯುತ್ತಿದ್ದಳು, ಗಂಡನ ಮೇಲಿನ ದೂರುಗಳನ್ನೆಲ್ಲ ಅವನ ಮುಂದೆಯೇ ಸುರಿಯುತ್ತಿದ್ದಳು. ಅವನು ಎಲ್ಲ ಕೇಳಿಸಿಕೊಂಡು "ಇವನು ಮೊದಲಿಂದಲೂ ಹೀಗೇನಮ್ಮ" ಎಂದು ನಗುತ್ತಿದ್ದ.

ಈ ವರ್ಷ ಕೊನೆಯ ಪಂದ್ಯ ಇಬ್ಬರ ನಡುವೆಯೇ ಬಿತ್ತು. ಇಬ್ಬರಲ್ಲಿ ಒಬ್ಬರು ಎರಡನೇ ದರ್ಜೆಗೆ ಇಳಿಯಬೇಕು. ಪಂದ್ಯ ಸಮವಾದರೆ ಬಿಸ್ಕತ್ತಿನವರು ಉಳಿಯುತ್ತಾರೆ, ಡಿಪೋದವರು ಗೆದ್ದರೆ ಡಿಪೋದವರು. ಬಿಸ್ಕತ್ತು ತಂಡ ಇಳಿದರೆ ಮಾನ ಹೋಗುತ್ತಿತ್ತು, ಅಷ್ಟೇ. ಡಿಪೋದ ಮ್ಯಾನೇಜರ್ ಮಾತ್ರ ಮೊದಲೇ ಹೇಳಿಬಿಟ್ಟಿದ್ದ: ತಂಡ ಇಳಿದರೆ ತಂಡವೇ ಇಲ್ಲ. ಹುಡುಗರೆಲ್ಲ ಪೂರ್ತಿ ಪಾಳಿಗೆ ವಾಪಸ್. ಮೊಳೆಯೂ ಬಸ್ಸಿನ ಕೆಳಗಿನ ರಿಪೇರಿ ಗುಂಡಿಗೆ ವಾಪಸ್, ಆ ಮುರುಕು ಬೆನ್ನು ಇಟ್ಟುಕೊಂಡು. ಇದೆಲ್ಲ ಗೋಡೆಗೆ ಚೆನ್ನಾಗಿ ಗೊತ್ತಿತ್ತು. ಮೊಳೆಯೇ ಅವನ ಅಡುಗೆಮನೆಯಲ್ಲಿ ಕೂತು ಹೇಳಿದ್ದ.

ಆಟ ಮುಗಿಯಲು ಇನ್ನೇನು ಎರಡು ನಿಮಿಷವಿರಬೇಕು. ಎರಡೂ ಕಡೆ ಒಂದೊಂದು ಗೋಲು. ಗದ್ದಲದಲ್ಲಿ ತನ್ನ ಮಾತು ಗೋಲ್‌ಕೀಪರ್‌ಗೆ ಕೇಳಿಸುತ್ತಿಲ್ಲವೆಂದು ಗೋಡೆ ತಾನು ನಿಲ್ಲಬೇಕಾದ ಜಾಗ ಬಿಟ್ಟು ಗೋಲಿನ ಕಂಬದ ಪಕ್ಕಕ್ಕೇ ಬಂದು ನಿಂತಿದ್ದ. ರೆಫರಿ ಒಮ್ಮೆ ಗದರಿಸಿ ಕಳಿಸಿದ್ದ, ಇವನು ಮತ್ತೆ ಬಂದಿದ್ದ. "ಮುಂದೆ ಹೋಗೋ, ಮುಂದೆ ಹೋಗಿ ನಿಲ್ಲು" ಎಂದು ಕಿರುಚಿದ. ಗೋಲ್‌ಕೀಪರ್ ವಿಧೇಯ ಹುಡುಗ, ಮುಂದೆ ಹೋದ. ತೀರಾ ಮುಂದೆ ಹೋದ. ಅವನು ಒದ್ದ ಚೆಂಡು ಡಿಪೋದವನೊಬ್ಬನ ಬೆನ್ನಿಗೆ ಬಡಿದು, ಗೋಲ್‌ಕೀಪರ್‌ನ ತಲೆಯ ಮೇಲೇ ಹಾರಿ, ನೆಲಕ್ಕೆ ಬಿದ್ದು, ಖಾಲಿ ಗೋಲಿನ ಕಡೆಗೆ ಉರುಳತೊಡಗಿತು.

ಬೇಗ ಉರುಳಿದ್ದರೆ ಇವತ್ತು ಈ ಕತೆಯೇ ಇರುತ್ತಿರಲಿಲ್ಲ. ಅದಕ್ಕೇನೂ ಅವಸರವಿರಲಿಲ್ಲ. ಸಂಜೆ ವಿಹಾರಕ್ಕೆ ಹೊರಟ ಮುದುಕನ ಹಾಗೆ ಬಂತು. ಗೋಡೆಗೆ ಯೋಚಿಸಲು ಸಮಯ ಸಿಕ್ಕಿತು, ಅವನು ಯೋಚಿಸಿದ. ಇದು ಹೋದರೆ ಗೋಲು ಖಂಡಿತ, ಅದೂ ನನ್ನ ಮಾತು ಕೇಳಿ ಆದ ಗೋಲು. ನಾನು ತಡೆದರೆ ನನಗೆ ಕೆಂಪು ಕಾರ್ಡು, ಅವರಿಗೆ ಪೆನಾಲ್ಟಿ. ಪೆನಾಲ್ಟಿ ತಪ್ಪಲೂಬಹುದು. ಒದೆಯಲು ಹೋದರೆ ಈ ಮಂಡಿಯನ್ನು ನಂಬುವ ಹಾಗಿಲ್ಲ, ಚೆಂಡು ಜಾರಿ ಒಳಗೇ ಹೋದೀತು. ನಿಲ್ಲಿಸಬೇಕು. ಇಷ್ಟನ್ನೂ ಯೋಚಿಸಿ, ನಾಲ್ಕು ಹೆಜ್ಜೆ ಓಡಿ, ಗೆರೆಯ ಮೇಲೆ ಅಂಗಾಲು ಇಟ್ಟು ಚೆಂಡನ್ನು ಮೆತ್ತಗೆ ಅದುಮಿ ಹಿಡಿದ.

ಮೈದಾನದಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಕುತ್ತಿಗೆಯಲ್ಲಿ ವಿಷಲ್, ಕೈಯಲ್ಲಿ ನೀರಿನ ಬಾಟ್ಲಿ, ಇಷ್ಟು ದೊಡ್ಡ ಹೊಟ್ಟೆ ಹೊತ್ತು ಕೋಚ್ ಗೋಲು ಉಳಿಸುತ್ತಿದ್ದಾನೆ! ರೆಫರಿ ಕೂಡ ಕೆಂಪು ಕಾರ್ಡು ತೋರಿಸುವಾಗ ತುಟಿ ಕಚ್ಚಿ ನಗು ತಡೆದುಕೊಂಡ. ಪೆನಾಲ್ಟಿ ಕೊಟ್ಟ. ಡಿಪೋದ ನಾಯಕ ಒದ್ದ. ಗೋಲ್‌ಕೀಪರ್ ಬಲಕ್ಕೆ ಹಾರಿದ, ಚೆಂಡು ಅವನ ಮೊಣಕಾಲಿಗೆ ಬಡಿದು ಆಚೆ ಹೋಯಿತು. ರೆಫರಿ ವಿಷಲ್ ಊದಿದ. ಮುಗಿಯಿತು.

ಹುಡುಗರು ಹೆಗಲಿನಿಂದ ಇಳಿಸಿದ ಮೇಲೆ ಗೋಡೆ ಮೊಳೆಯ ಕೈ ಕುಲುಕಲು ಹೋದ. ಹೋಗದೆ ಇರಲಾಗುತ್ತದೆಯೇ? ಮೊಳೆ ಕೈ ಕೊಟ್ಟ. ಸಿಟ್ಟೇನೂ ಕಾಣಲಿಲ್ಲ. ಇವನ ಬೂಟುಗಳನ್ನೇ ನೋಡುತ್ತಿದ್ದ.

"ನೀನು ಒದೀಲಿಲ್ಲ" ಎಂದ.

"ಏನು?"

"ಒದೀಲಿಲ್ಲವಲ್ಲೋ. ನಿಲ್ಲಿಸಿದೆ."

ಅಷ್ಟು ಹೇಳಿ ತನ್ನ ಹುಡುಗರ ಕಡೆ ನಡೆದ. ಚೆಂಡು ನಿಂತದ್ದನ್ನು ಸಾವಿರ ಜನ ನೋಡಿದ್ದರು. ಒದೆಯದೆ ನಿಲ್ಲಿಸಿದ್ದರ ಅರ್ಥ ಗೊತ್ತಿದ್ದವನು ಜಗತ್ತಿನಲ್ಲಿ ಮೊಳೆಯೊಬ್ಬನೇ.

ಸೋಮವಾರದಿಂದ ಗೋಡೆಗೆ ಹೊಗಳಿಕೆಯ ಕಾಟ ಶುರುವಾಯಿತು. ಬೈಗುಳವಾದರೂ ತಡೆದುಕೊಳ್ಳಬಹುದು, ತಿರುಗಿ ಬೈಯಬಹುದು. ಹೊಗಳಿಕೆಗೆ ಏನು ಮಾಡುವುದು? ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೋ ಊರೆಲ್ಲ ಸುತ್ತಿತು. ಕ್ಯಾಂಟೀನಿನಲ್ಲಿ ಅವನು ತಟ್ಟೆ ಹಿಡಿದರೆ ಬಡಿಸುವವಳು ಇನ್ನೊಂದು ಸೌಟು ಹೆಚ್ಚು ಹಾಕಿ, "ಆಟ ರಕ್ತದಲ್ಲಿದ್ರೆ ಹಾಗೇ ಅಲ್ವಾ ಸಾರ್, ಕಾಲು ಎಲ್ಲಿ ಕೇಳುತ್ತೆ ನಮ್ಮ ಮಾತು" ಎಂದಳು. ಔಷಧದಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿಗೆ ಗಿರಾಕಿಗಳು ಕೆಮ್ಮಿನ ಮಾತ್ರೆ ಕೇಳುವ ಮುಂಚೆ ಗಂಡನ ಸಮಾಚಾರ ಕೇಳುತ್ತಿದ್ದರು. ಕ್ಷೌರದಂಗಡಿಯವನು, ಅದೇ ಹಳೆಯ ಕನ್ನಡಿಯವನು, ದುಡ್ಡು ಬೇಡವೆಂದು ಗಡ್ಡ ಕೆರೆದು ಕಳಿಸಿದ. ಪಾಪ, ಎಲ್ಲರೂ ಒಳ್ಳೆಯವರೇ. ಅವರಿಗೆಲ್ಲ ಅವನ ಕಾಲು ಮುಗ್ಧ, ಮನಸ್ಸು ಇನ್ನೂ ಮುಗ್ಧ. ಗೋಡೆಗೆ ಪ್ರತಿ ಸಲವೂ ನೆಲ ಬಾಯಿ ಬಿಟ್ಟರೆ ಸಾಕು ಎನಿಸುತ್ತಿತ್ತು, ಅದೂ ಬಿಡಲಿಲ್ಲ.

"ಜನ ಹಾಡಿ ಹೊಗಳ್ತಿದ್ದಾರೆ, ನೀವು ನೋಡಿದ್ರೆ ಹರಳೆಣ್ಣೆ ಕುಡಿದೋರ ಹಾಗೆ ಕೂತಿದೀರಿ" ಎಂದಳು ಹೆಂಡತಿ. "ಏನಾಯ್ತು ರೀ?"

"ಏನಿಲ್ಲ. ಮಂಡಿ ನೋವು."

"ಅಣ್ಣ ಈ ವಾರ ಬರಲೇ ಇಲ್ಲ."

"ಸೋತಿದ್ದಾನೆ. ಬೇಜಾರಲ್ಲಿರ್ತಾನೆ."

"ಸೋತಾಗಲೇ ಅಲ್ವಾ ಬರ್ತಿದ್ದಿದ್ದು?" ಎಂದಳು ಅವಳು. ಅವನು ಎದ್ದು ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡು ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತ.

ಡಿಪೋದ ಮ್ಯಾನೇಜರ್ ಲೀಗ್ ಕಮಿಟಿಗೆ ದೂರು ಕೊಟ್ಟಿದ್ದ. ಲೀಗ್‌ನ ನಿಯಮ ಸರಳವಾಗಿತ್ತು. ತಂಡದ ಕೋಚ್ ಬೇಕೆಂದೇ ಗೋಲು ತಡೆದಿದ್ದರೆ ಪಂದ್ಯ ಎದುರು ತಂಡದ ಪಾಲು. ಅರಿವಿಲ್ಲದೆ ನಡೆದದ್ದಾದರೆ ರೆಫರಿ ಕೊಟ್ಟ ಶಿಕ್ಷೆಯೇ ಸಾಕು. ಶುಕ್ರವಾರ ವಿಚಾರಣೆ. ನಿಜ ಹೇಳಿಬಿಡುತ್ತೇನೆ ಎಂದು ಗೋಡೆ ಬುಧವಾರ ನಿರ್ಧಾರ ಮಾಡಿದ. ಗುರುವಾರ ಬೆಳಿಗ್ಗೆ ಪ್ಯಾಕಿಂಗ್ ವಿಭಾಗದಿಂದ ಗೋಲ್‌ಕೀಪರ್ ಓಡಿ ಬಂದು ಅವನ ಕಾಲಿಗೆ ಬೀಳುವುದೊಂದು ಬಾಕಿ.

"ಸಾರ್, ಕೆಲಸ ಖಾಯಂ ಮಾಡ್ತಾರಂತೆ ಸಾರ್. ಪೆನಾಲ್ಟಿ ಹಿಡಿದೆ ಅಂತ ಮ್ಯಾನೇಜರ್ ಸಾಹೇಬ್ರೇ ಹೇಳಿದ್ರು. ತಂಡ ಉಳಿದ್ರೆ ಮುಂದಿನ ತಿಂಗಳಿಂದಲೇ."

"ಒಳ್ಳೇದಾಯ್ತು ಕಣೋ" ಎಂದ ಗೋಡೆ. ನಿರ್ಧಾರ ಅಲ್ಲೇ ಮುದುಡಿಕೊಂಡಿತು. ಹುಡುಗನ ಹೆಸರಿನಲ್ಲಿ ಸುಳ್ಳು ಹೇಳಿದರೆ ಅದು ಅಷ್ಟು ದೊಡ್ಡ ಸುಳ್ಳಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ನಿಜವೇನೆಂದರೆ, ಆ ಹುಡುಗ ಸಿಗದಿದ್ದರೂ ಅವನು ಇನ್ನೊಂದು ನೆಪ ಹುಡುಕಿಕೊಳ್ಳುತ್ತಿದ್ದ. ಹೊಗಳಿದವರ ಮುಂದೆ ಹೇಗೆ ಮುಖ ತೋರಿಸಲಿ ಎಂಬ ಭಯವೇ ಅವನಿಗೆ ದೊಡ್ಡದಾಗಿತ್ತು.

ಲೀಗ್ ಕಮಿಟಿಯ ಕಚೇರಿ ಕ್ರೀಡಾ ಸಾಮಾನಿನ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಉದ್ದನೆಯ ಮೇಜು, ಗಾಜಿನ ಬೀರುವಿನಲ್ಲಿ ದೂಳು ಹಿಡಿದ ಬಹುಮಾನದ ಕಪ್ಪುಗಳು, ತಿರುಗುವಾಗಲೆಲ್ಲ ಕಟಕಟ ಎನ್ನುವ ಫ್ಯಾನು. ಅಧ್ಯಕ್ಷರು ನಿವೃತ್ತ ವಕೀಲರು, ಜೊತೆಗೆ ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಹಳೆಯ ರೆಫರಿ. ಗೋಡೆ ಒಂದು ಕಡೆ, ಮೊಳೆ ಎದುರು ಕಡೆ. ವಿಡಿಯೋ ಹಾಕಿದರು. ಗೋಡೆಯ ಹೊಟ್ಟೆ ಓಡುವುದನ್ನು ನೋಡಿ ಹಲ್ಲಿನ ಡಾಕ್ಟರಿಗೆ ನಗು ಬಂತು, ಕೆಮ್ಮಿನಲ್ಲಿ ಮುಚ್ಚಿಕೊಂಡರು. ಗೋಡೆ ಮೇಜಿನ ಮೇಲಿನ ಗೀರುಗಳನ್ನು ನೋಡುತ್ತ ಕೂತ.

ಅಧ್ಯಕ್ಷರು ಮೊದಲು ಮೊಳೆಯನ್ನೇ ಕೇಳಿದರು. ಅದಕ್ಕೆ ಕಾರಣವಿತ್ತು. ಹಿಂದೆ ಒಮ್ಮೆ ಫೈನಲ್‌ನಲ್ಲಿ ತನ್ನ ಕೈಗೆ ಚೆಂಡು ತಗುಲಿದ್ದನ್ನು ತಾನೇ ರೆಫರಿಗೆ ಹೇಳಿ, ತನ್ನ ತಂಡವನ್ನೇ ಸೋಲಿಸಿದ ಮನುಷ್ಯ ಅವನು. ಆ ರೆಫರಿಯೇ ಈಗ ಮೇಜಿನ ಆಚೆ ಕೂತಿದ್ದರು.

"ನೀವು ಇವರ ಪಕ್ಕದಲ್ಲಿ ಹದಿನೈದು ವರ್ಷ ಆಡಿದವರು" ಎಂದರು ಅಧ್ಯಕ್ಷರು. "ನಿಮ್ಮ ಮಾತೇ ನಮಗೆ ಸಾಕು. ಇದು ಕಾಲಿನ ಅಭ್ಯಾಸವೋ, ಬೇಕಂತ ಮಾಡಿದ್ದೋ?"

ಫ್ಯಾನು ಕಟಕಟ ಎನ್ನುತ್ತಿತ್ತು. ಹೇಳಿಬಿಡು ಮಾರಾಯ ಎಂದು ಗೋಡೆ ಮನಸ್ಸಿನಲ್ಲೇ ಬೇಡಿಕೊಂಡ, ನೀನೇ ಹೇಳಿಬಿಟ್ಟರೆ ನಾನು ಹೇಳುವುದು ತಪ್ಪುತ್ತದೆ.

"ಅವನನ್ನೇ ಕೇಳಿ ಸಾರ್" ಎಂದ ಮೊಳೆ. "ಅವನು ಏನಂದ್ರೂ ನಾನು ಒಪ್ಕೊಳ್ತೀನಿ. ನನ್ನ ಕಡೆಯಿಂದ ಬೇರೆ ಮಾತಿಲ್ಲ."

ಎಲ್ಲರೂ ಗೋಡೆಯ ಕಡೆ ತಿರುಗಿದರು. ಮೊಳೆಯೂ ನೋಡಿದ. ಆ ನೋಟದಲ್ಲಿ ಬೆದರಿಕೆ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ಕಾರ್ನರ್ ಕಿಕ್ ಬರುವ ಮುಂಚೆ ಹೀಗೇ ಒಮ್ಮೆ ತಿರುಗಿ ನೋಡುತ್ತಿದ್ದ, ನೀನು ಅಲ್ಲಿದ್ದೀಯ ತಾನೆ ಎನ್ನುವ ಹಾಗೆ.

"ಕಾಲು ತಾನಾಗೇ ಹೋಯ್ತು ಸಾರ್" ಎಂದ ಗೋಡೆ. "ನನಗೆ ಗೊತ್ತಾಗಲೇ ಇಲ್ಲ."

ಮೊಳೆ ತಲೆಯಾಡಿಸಿದ. ಅಧ್ಯಕ್ಷರು ತೀರ್ಪು ಹೇಳಿದರು: ಪಂದ್ಯದ ಫಲಿತಾಂಶ ಬದಲಾಗುವುದಿಲ್ಲ. ಮೊಳೆ ಎದ್ದು ಎಲ್ಲರಿಗೂ ನಮಸ್ಕಾರ ಹೇಳಿದ, ಕುರ್ಚಿಯನ್ನು ಮೇಜಿನ ಕೆಳಗೆ ನೀಟಾಗಿ ಸರಿಸಿಟ್ಟ, ಹೊರಟ. ಬಾಗಿಲ ಹತ್ತಿರ ಗೋಡೆಯ ಭುಜದ ಮೇಲೆ ಕೈ ಇಟ್ಟು, "ಹುಡುಗರನ್ನ ಚೆನ್ನಾಗಿ ನೋಡ್ಕೊ" ಎಂದ. ಮೆಟ್ಟಿಲಿಳಿಯುವಾಗ ಬೆನ್ನು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಡುತ್ತಿದ್ದ.

ಅವನು ಹಾಗೆ ಇಳಿಯುವುದನ್ನು ಗೋಡೆ ಮೇಲಿನಿಂದ ನೋಡಿದ. ಬೈದಿದ್ದರೆ, ಮುಖಕ್ಕೆ ಉಗಿದಿದ್ದರೆ, ಇವನು ಬಹುಶಃ ಮನೆಗೆ ಹೋಗಿ ಮಲಗುತ್ತಿದ್ದನೇನೋ. ಭುಜದ ಮೇಲಿನ ಆ ಕೈಯನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಮೊಳೆಯ ಬಸ್ಸು ಹೋದ ಸದ್ದು ಕೇಳಿಸಿದ ಮೇಲೆ ಗೋಡೆ ತಿರುಗಿ ಕೋಣೆಯೊಳಗೆ ನುಗ್ಗಿದ. ಕಮಿಟಿಯವರು ಚಹಾ ಕುಡಿಯುತ್ತಿದ್ದರು.

"ಸಾರ್, ನಾನು ಸುಳ್ಳು ಹೇಳಿದೆ. ಬೇಕಂತಲೇ ಮಾಡಿದೆ. ಪೆನಾಲ್ಟಿ ಆದ್ರೆ ಬಚಾವಾಗಬಹುದು ಅಂತ ಯೋಚನೆ ಮಾಡಿಯೇ ಕಾಲಿಟ್ಟೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷರು ಲೋಟ ಕೆಳಗಿಟ್ಟು, ಬಹಳ ಮೃದುವಾಗಿ ನಕ್ಕರು.

"ಕೂತ್ಕೊಳಿ. ನಿಮ್ಮ ಸ್ನೇಹಿತರ ತಂಡ ಮುಚ್ಚುತ್ತೆ ಅನ್ನೋದು ನಮಗೂ ಗೊತ್ತು. ಅದನ್ನ ಉಳಿಸೋಕೆ ನಿಮ್ಮ ಹೆಸರನ್ನೇ ಕೆಡಿಸಿಕೊಳ್ಳೋಕೆ ಬಂದಿದೀರಿ."

"ಹಾಗಲ್ಲ ಸಾರ್—"

"ನಾನು ನಲವತ್ತು ವರ್ಷ ಕೋರ್ಟಿನಲ್ಲಿ ಸುಳ್ಳು ಕೇಳಿದೋನು. ಯಾರು ಯಾಕೆ ಸುಳ್ಳು ಹೇಳ್ತಾರೆ ಅಂತ ಗೊತ್ತಾಗುತ್ತೆ" ಎಂದರು ಅವರು. "ಬೇಕಂತ ಮಾಡಿದ್ದಿದ್ರೆ ನಿಮ್ಮ ಸ್ನೇಹಿತರು ಸುಮ್ಮನೆ ಒಪ್ಕೊಂಡು ಹೋಗ್ತಿದ್ರಾ? ಹೋಗಿ, ಮನೆಗೆ ಹೋಗಿ. ನಿಮ್ಮಂಥವರು ಇನ್ನೂ ಇದ್ದಾರಲ್ಲ, ಅದೇ ಸಂತೋಷ."

ಹಳೆಯ ರೆಫರಿ ಎದ್ದು ಬಂದು ಅವನ ಕೈ ಕುಲುಕಿದರು, ಅವರ ಕಣ್ಣು ಒದ್ದೆಯಾಗಿತ್ತು. ಹಲ್ಲಿನ ಡಾಕ್ಟರು ಈ ಸಂಗತಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಪೈಕಿಯವರಲ್ಲ. ಮರುದಿನದ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು: ಗೋಡೆ ಗೆಳೆಯನಿಗೋಸ್ಕರ ತನ್ನ ಮೇಲೆ ತಾನೇ ಕಳಂಕ ಹೊತ್ತುಕೊಳ್ಳಲು ಹೋದನಂತೆ. ಹೊಗಳಿಕೆ ಇಮ್ಮಡಿಯಾಯಿತು. ಔಷಧದಂಗಡಿಯಲ್ಲಿ ಒಬ್ಬಾಕೆ ಕಣ್ಣೊರೆಸಿಕೊಂಡಳಂತೆ. ಹೆಂಡತಿ ಮನೆಗೆ ಬಂದು ಅದನ್ನು ಹೇಳಿ, ಗಂಡನ ಮುಖ ನೋಡಿ, ಮುಂದೆ ಏನೂ ಕೇಳದೆ ಒಳಗೆ ಹೋದಳು. ಅವಳಿಗೆ ಅರ್ಥವಾಗಿತ್ತು. ಗೋಡೆಗೆ ಅದು ಇನ್ನೊಂದು ನಾಚಿಕೆ.

ಭಾನುವಾರ ಗೋಡೆ ಡಿಪೋಗೆ ಹೋದ. ವರ್ಕ್‌ಶಾಪಿನ ಹಿಂದಿನ ಸಣ್ಣ ಮೈದಾನದಲ್ಲಿ ಮೊಳೆ ಒಬ್ಬನೇ ಗೋಲಿನ ಬಲೆ ಬಿಚ್ಚುತ್ತಿದ್ದ. ಸಾಮಾನನ್ನೆಲ್ಲ ಉಗ್ರಾಣಕ್ಕೆ ಕೊಡಬೇಕೆಂದು ಮ್ಯಾನೇಜರ್ ಹೇಳಿದ್ದನಂತೆ.

"ನಾನು ವಾಪಸ್ ಹೋಗಿ ನಿಜ ಹೇಳಿದೆ ಕಣೋ" ಎಂದ ಗೋಡೆ.

"ಕೇಳಿದೆ."

"ಅವರು ನಂಬಲಿಲ್ಲ. ನೀನು ಬಂದು ಒಂದು ಮಾತು ಹೇಳು. ನಿನ್ನ ಮಾತು ನಂಬ್ತಾರೆ."

ಮೊಳೆ ಕಂಬದ ಕೊಕ್ಕೆಯಿಂದ ಬಲೆ ಬಿಡಿಸುತ್ತಲೇ ಇದ್ದ. "ಅವನು ಏನಂದ್ರೂ ಒಪ್ಕೊಳ್ತೀನಿ ಅಂತ ಎಲ್ಲರ ಮುಂದೆ ಹೇಳಿ ಬಂದಿದೀನಿ. ಈಗ ಹೋಗಿ, ಹಾಗಲ್ಲ ಹೀಗೆ ಅಂತ ತಿರುಗಿಸಲಾ? ನನ್ನ ಕೈಲಾಗಲ್ಲ."

"ಮತ್ತೆ ಯಾಕೋ ಹಾಗಂದೆ ಅವತ್ತು? ನಿನಗೆ ಗೊತ್ತಿತ್ತಲ್ಲ. ನೀನೇ ಹೇಳಿಬಿಟ್ಟಿದ್ರೆ ಎಲ್ಲ ಸರಿಹೋಗ್ತಿತ್ತು."

ಮೊಳೆ ತಿರುಗಿದ. ಮೊದಲ ಸಲ ಅವನ ಮುಖದಲ್ಲಿ ಸಿಟ್ಟು ಕಂಡಿತು, ಅದೂ ಆಯಾಸಗೊಂಡ ಸಿಟ್ಟು.

"ನೀನೇ ಹೇಳ್ತೀಯ ಅಂತ ನಂಬಿದ್ದೆ ಕಣೋ. ನಾನು ಹೇಳಿದ್ರೆ ಊರೆಲ್ಲ ನಿನ್ನನ್ನ ಕಳ್ಳ ಅಂತಿತ್ತು. ನೀನೇ ಒಪ್ಕೊಂಡ್ರೆ ಮಾನವಾದ್ರೂ ಉಳಿಯುತ್ತೆ ಅಂದ್ಕೊಂಡೆ. ನಾನು ಎದುರಿಗೆ ಕೂತಿದ್ದಾಗ ಒಂದು ಮಾತು ಹೇಳಿದ್ರೆ ಸಾಕಿತ್ತು. ಹೌದು ಸಾರ್ ಅಂತಿದ್ದೆ. ನಂಬ್ತಿದ್ರು."

ಗೋಡೆ ಕ್ಷಮಿಸು ಎನ್ನಬೇಕೆಂದು ಬಂದಿದ್ದ. ಅದರ ಬದಲು ಕೆಳಗೆ ಬಿದ್ದಿದ್ದ ಬಲೆಯಿಂದ ಒಣ ಹುಲ್ಲು ಕೀಳತೊಡಗಿದ.

"ಬಾ, ಆ ತುದಿ ಹಿಡ್ಕೊ" ಎಂದ ಮೊಳೆ. "ಇದನ್ನ ಒಬ್ಬನೇ ಮಡಚೋಕಾಗಲ್ಲ."

ಗೋಡೆ ಬಲೆಯ ತುದಿ ಹಿಡಿದ. ಬಲೆ ಮಡಚುವುದೆಂದರೆ ಇಬ್ಬರೂ ಎದುರುಬದುರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು, ಮತ್ತೆ ಹಿಂದೆ ಸರಿಯಬೇಕು, ಮತ್ತೆ ಬರಬೇಕು. ಮಡಿಕೆ ಹೆಚ್ಚಿದಂತೆ ನಡುವಿನ ದಾರಿ ಚಿಕ್ಕದಾಗುತ್ತ ಹೋಯಿತು. ಪ್ರತಿ ಸಲವೂ ಮೊಳೆ ಕೈ ಚಾಚಿ ತುದಿ ತೆಗೆದುಕೊಂಡ, ಪ್ರತಿ ಸಲವೂ ಗೋಡೆ ಅವನ ಕೈಗಳನ್ನಷ್ಟೇ ನೋಡಿ ಕೊಟ್ಟ. ಮುಖ ನೋಡಲು ಅವನಿಂದ ಆಗಲಿಲ್ಲ.